ಪೂಜೆಯ ಹೊತ್ತು, ನೋಟದ ಹೊತ್ತು

ಸಿಸಿಲಿ ದ್ವೀಪವನ್ನು ಒಂದು ವಾರದಲ್ಲಿ ಸುತ್ತಿ ಬರಲು ಹೊರಟವರ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಪಲೆರ್ಮೋದಲ್ಲಿ ಇಳಿದು ಮೊನ್ರಿಯಾಲೆ, ಸೆಜೆಸ್ತಾ, ಆಗ್ರಿಜೆಂತೋ, ಸಿರಾಕೂಸಾ, ಕತಾನಿಯಾ, ಎಟ್ನಾ, ಚೆಫಲೂ, ಮತ್ತೆ ಪಲೆರ್ಮೋ. ಸುಮಾರು 25,000 ಚದರ ಕಿಲೋಮೀಟರಿನ ದ್ವೀಪ. ಬಾಡಿಗೆ ಕಾರು ಇದ್ದರೆ ದೂರದ ಲೆಕ್ಕ ಹೇಗೋ ಹೊಂದುತ್ತದೆ. ಹೊಂದದಿರುವುದು ಬಾಗಿಲುಗಳ ಲೆಕ್ಕ. ಎಷ್ಟೋ ಚರ್ಚುಗಳು ಮಧ್ಯಾಹ್ನ ಮುಚ್ಚಿ ಸಂಜೆಯೇ ತೆರೆಯುತ್ತವೆ. ಬಲಿಪೂಜೆ ನಡೆಯುವಾಗ ಸುಮ್ಮನೆ ನೋಡಿ ಹೋಗಲು ಬಂದವರನ್ನು ಹೊರಗೇ ನಿಲ್ಲಿಸುತ್ತಾರೆ. ಭಾನುವಾರ ಬಂತೆಂದರೆ ಇಡೀ ಪಟ್ಟಿ ತಲೆಕೆಳಗಾಗುತ್ತದೆ. ದೇವರ ಮನೆಯಲ್ಲಿ ನೋಡುವವನ ಹೊತ್ತಿಗೂ ಪೂಜಿಸುವವನ ಹೊತ್ತಿಗೂ ಘರ್ಷಣೆ ಬಂದಾಗ ಮೊದಲು ಯಾರದು? ಇದನ್ನು ಸೌಜನ್ಯದ ಮಾತೆಂದು ಮುಗಿಸಿಬಿಡಬಹುದು. ನನ್ನ ಮಟ್ಟಿಗೆ ಇದು ಋಣದ ಮಾತು.

ಸಿರಾಕೂಸಾದ ಕೆಥೆಡ್ರಲನ್ನು ಪಕ್ಕದ ಬೀದಿಯಲ್ಲಿ ನಿಂತು ನೋಡಿದರೆ ಅದರ ಗೋಡೆಯಲ್ಲಿ ಭಾರಿ ಡೋರಿಕ್ ಕಂಬಗಳು ಅರ್ಧ ಹುದುಗಿ ಅರ್ಧ ಹೊರಚಾಚಿರುವುದು ಕಾಣುತ್ತದೆ. ಅವು ಅಥೀನಾ ದೇವಿಯ ಗುಡಿಯ ಕಂಬಗಳು; ಕ್ರಿ.ಪೂ. 480ರಲ್ಲಿ ಹಿಮೇರಾದಲ್ಲಿ ಕಾರ್ಥೇಜಿನ ಸೈನ್ಯವನ್ನು ಸೋಲಿಸಿದ ಇಲ್ಲಿನ ಗ್ರೀಕ್ ಅರಸ ಗೆಲೋನನ ಕಾಲದವು. 7ನೇ ಶತಮಾನದಲ್ಲಿ ಕ್ರೈಸ್ತರು ಕಂಬಗಳ ನಡುವೆ ಗೋಡೆ ಎಬ್ಬಿಸಿ, ಒಳಗಿನ ಗರ್ಭಗುಡಿಯ ಗೋಡೆಗಳಲ್ಲಿ ಕಮಾನು ಕೊರೆದು ಅದನ್ನು ಚರ್ಚು ಮಾಡಿಕೊಂಡರು. 878ರಲ್ಲಿ ಅರಬರು ಊರನ್ನು ಗೆದ್ದ ಮೇಲೆ ಮಸೀದಿಯಾಯಿತು, ನಾರ್ಮನ್ನರು ಬಂದ ಮೇಲೆ ಮತ್ತೆ ಚರ್ಚಾಯಿತು. 1693ರ ಭೂಕಂಪಕ್ಕೆ ಮುಂಭಾಗ ಕುಸಿದಾಗ ಮುಂದಿನ ಶತಮಾನದವರು ಬರೋಕ್ ಶೈಲಿಯಲ್ಲಿ ಹೊಸದನ್ನು ಕಟ್ಟಿದರು. ಪ್ರತಿ ತಲೆಮಾರಿಗೂ ಪ್ರಾರ್ಥನೆಗೊಂದು ಸೂರು ಬೇಕಿತ್ತು, ಆದ್ದರಿಂದ ಸೂರು ಉಳಿಯಿತು. ಇದೇ ಗುಡಿಯನ್ನು ಬರಿದು ಮಾಡಿದವನು ಒಬ್ಬ ಕಲಾರಸಿಕ ಎಂಬುದನ್ನೂ ನೆನೆಯಬೇಕು. ಸಿಸಿಲಿಯ ರೋಮನ್ ಗವರ್ನರ್ ವೆರ್ರೆಸ್ ಗೋಡೆಯ ಚಿತ್ರಗಳನ್ನೂ ಬಾಗಿಲಿನ ಚಿನ್ನ, ದಂತದ ಅಲಂಕಾರವನ್ನೂ ಕಿತ್ತೊಯ್ದನೆಂಬುದು ಕ್ರಿ.ಪೂ. 70ರಲ್ಲಿ ಸಿಸೆರೋ ಅವನ ಮೇಲೆ ಹೊರಿಸಿದ ಆರೋಪಗಳಲ್ಲೊಂದು. ವಸ್ತುವಿನ ಅಂದ ಬಲ್ಲವನೆಲ್ಲ ಅದನ್ನು ಕಾಯುತ್ತಾನೆಂದೇನಿಲ್ಲ.

ಬಳಕೆಯೇ ಕಟ್ಟಡವನ್ನು ಉಳಿಸುತ್ತದೆಂಬುದನ್ನು ಆಗ್ರಿಜೆಂತೋ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಅಲ್ಲಿನ ದಿಬ್ಬದ ಮೇಲೆ ಕೊಂಕೋರ್ಡಿಯಾ ಗುಡಿ ಬಹುಮಟ್ಟಿಗೆ ಇಡಿಯಾಗಿ ನಿಂತಿದೆ, ಏಕೆಂದರೆ 6ನೇ ಶತಮಾನದ ಕೊನೆಗೆ ಅದು ಚರ್ಚಾಗಿ ಶತಮಾನಗಳ ಕಾಲ ಬಳಕೆಯಲ್ಲಿತ್ತು. ಅಷ್ಟೇನೂ ದೂರವಿಲ್ಲದ ಜ್ಯೂಸ್ ಗುಡಿ ಗ್ರೀಕರು ಕೈಹಾಕಿದ ಅತಿದೊಡ್ಡ ಡೋರಿಕ್ ಕಟ್ಟಡ. ಅದನ್ನು ಯಾರೂ ತಮ್ಮದು ಮಾಡಿಕೊಳ್ಳಲಿಲ್ಲ. ಭೂಕಂಪಗಳು ಕೆಡವಿದವು, ಉಳಿದ ಕಲ್ಲನ್ನು 18ನೇ ಶತಮಾನದಲ್ಲಿ ಸಮೀಪದ ಬಂದರಿನ ಕಟ್ಟೆಗೆ ಸಾಗಿಸಿದರು. ಇಂದು ಅಲ್ಲಿರುವುದು ಕಲ್ಲಿನ ರಾಶಿ.

ಇದಕ್ಕೆ ಎದುರು ಸಾಕ್ಷಿಯೂ ಇದೆ. ಸೆಜೆಸ್ತಾದ ಗುಡಿಗೆ ಸೂರಿಲ್ಲ, ಗರ್ಭಗುಡಿಯಿಲ್ಲ. ಕಂಬಗಳಿಗೆ ಗೀರು ಕೊರೆದಿಲ್ಲ, ಕಲ್ಲೆತ್ತಲು ಬಿಟ್ಟ ಗುಬುಟುಗಳು ಮೆಟ್ಟಿಲ ಮೇಲೆ ಇನ್ನೂ ಹಾಗೇ ಇವೆ. ಕೆಲಸವೇ ಮುಗಿಯದ ಗುಡಿ, ಆದರೂ ನಿಂತಿದೆ. ಊರಿಲ್ಲದ ಗುಡ್ಡದಲ್ಲಿ ಅದರ ಕಲ್ಲು ಯಾರಿಗೂ ಬೇಕಾಗಲಿಲ್ಲ. ಅದೃಷ್ಟವನ್ನು ನಿಯಮವೆಂದು ಎಣಿಸಲಾಗದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಅಥೀನಾಳನ್ನು ಹೊರಹಾಕಿದವರೂ ಪೂಜೆಯವರೇ ಅಲ್ಲವೇ, ಅವರಿಗೆಂಥ ಋಣ? ಮಾತು ನಿಜ. ಗರ್ಭಗುಡಿಯಲ್ಲಿ ಕೊರೆದ ಕಮಾನುಗಳು ಅಥೀನಾಳ ಭಕ್ತರ ಪಾಲಿಗೆ ಗಾಯವೇ. ಹಾಗಾಗಿ ಈ ಋಣ ಯಾವುದೋ ಒಂದು ಮತದ ಹಕ್ಕುಪತ್ರಕ್ಕೆ ಸಲ್ಲುವುದಲ್ಲ. ಪಲೆರ್ಮೋ ಕೆಥೆಡ್ರಲಿನ ದಕ್ಷಿಣ ಮಂಟಪದ ಒಂದು ಕಂಬದ ಮೇಲೆ ಇವತ್ತಿಗೂ ಕುರಾನಿನ ಸಾಲುಗಳಿವೆ. ಅದೇ ಊರಲ್ಲಿ ರಾಜ ಎರಡನೇ ರೋಜರ್ ಕಟ್ಟಿಸಿದ ಅರಮನೆ ಚರ್ಚಿನ ಗೋಡೆಗೆ ಬೈಜಾಂಟಿಯಮ್ ಶೈಲಿಯ ಮೊಸಾಯಿಕ್, ಮರದ ಸೂರಿಗೆ ಅರಬಿ ಬರಹ. ಇಂದಿನ ಭಕ್ತರೂ ಈ ಜಾಗಗಳ ಕೊನೆಯ ಒಡೆಯರಲ್ಲ, ಸರದಿಯಲ್ಲಿ ಈಗ ನಿಂತವರು. ಮೊದಲ ಹಕ್ಕು ಆ ಸರದಿಯ ಕೆಲಸಕ್ಕೆ ಸಲ್ಲುತ್ತದೆ.

ಈಗ ಕಟ್ಟಡ ಕಾಯುವುದು ಟಿಕೆಟ್ ಹಣ, ಪುರಾತತ್ವದವರ ದುಡಿಮೆ ಎನ್ನಬಹುದು. 18ನೇ ಶತಮಾನದಲ್ಲಿ ಚರ್ಚಿನ ಸೇರ್ಪಡೆಗಳನ್ನು ತೆಗೆದು ಮತ್ತೆ ಗ್ರೀಕ್ ಗುಡಿಯಾಗಿಸಿದ ಕೊಂಕೋರ್ಡಿಯಾ ದೇವರಿಲ್ಲದೆಯೂ ಚೆನ್ನಾಗಿಯೇ ಇದೆ ಎಂಬುದನ್ನು ಒಪ್ಪಲೇಬೇಕು. ಆದರೆ ಹಣ ಹರಿಯುವುದು ಆಗಲೇ ಉಳಿದುಬಂದದ್ದರ ಕಡೆಗೆ. ಸಾವಿರಾರು ವರ್ಷ ಉಳಿಸಿದ ರೂಢಿಯೆದುರು ಪ್ರವಾಸದ ಕಾವಲು ಇನ್ನೂ ಎಳೆಯದು. ಬರುವವರು ತಲೆಮಾರುಗಟ್ಟಲೆ ನಿಂತುಹೋದರೆ ಏನಾಗುತ್ತದೆಂಬ ಪರೀಕ್ಷೆ ಅದಕ್ಕೆ ಎದುರಾಗಿಲ್ಲ. ಟಿಕೆಟ್ಟು ಒಳಗೆ ಬರುವ ಅವಕಾಶ ಕೊಡುತ್ತದೆ, ಗಂಟೆ ನಿಗದಿ ಮಾಡುವ ಅಧಿಕಾರ ಕೊಡುವುದಿಲ್ಲ.

ಹಾಗಾದರೆ ಯೋಜನೆ ಹಾಕುವ ಕ್ರಮವನ್ನೇ ತಿರುವಿಹಾಕಬೇಕು. ಮೊದಲು ಬರೆದುಕೊಳ್ಳಬೇಕಾದದ್ದು ಪೂಜೆಯ ವೇಳೆ, ಮುಚ್ಚುವ ವೇಳೆ, ಕತಾನಿಯಾದಲ್ಲಿ ಫೆಬ್ರವರಿ 3ರಿಂದ 5ರವರೆಗಿನ ಸಂತ ಅಗಾಥಾ ಹಬ್ಬ, ಸಿರಾಕೂಸಾದಲ್ಲಿ ಡಿಸೆಂಬರ್ 13ರ ಸಂತ ಲೂಸಿಯಾ ಹಬ್ಬ. ದಾರಿ, ಹೋಟೆಲು ಆಮೇಲೆ. ಹೀಗೆ ಮಾಡಿದರೆ ಎರಡು ಮೂರು ಊರು ಕೈಬಿಡಬೇಕಾಗುತ್ತದೆ. ವೀಸಾ, ವಿಮಾನ ಎಂದು ಲಕ್ಷಗಟ್ಟಲೆ ಸುರಿದು ಜೀವಮಾನದಲ್ಲೊಮ್ಮೆ ಹೋಗುವವರಿಗೆ ಅದು ಸಣ್ಣ ನಷ್ಟವಲ್ಲ. ಆದರೆ ನಮ್ಮ ದೇವಸ್ಥಾನಗಳಲ್ಲಿ ನೈವೇದ್ಯದ ಹೊತ್ತಿಗೆ ಗರ್ಭಗುಡಿಯ ತೆರೆ ಎಳೆದರೆ ದೂರದಿಂದ ಬಂದವರೂ ಕಾಯುತ್ತಾರೆ. ತಾವು ಬಂದದ್ದೇ ಆ ನೈವೇದ್ಯ ನಿಲ್ಲದೆ ನಡೆಯುವ ಜಾಗಕ್ಕೆಂದು ಅವರಿಗೆ ಗೊತ್ತು. ಸಿಸಿಲಿಯಲ್ಲಿ ಮುಚ್ಚಿದ ಬಾಗಿಲೆದುರು ಕಳೆದ ಒಂದು ಗಂಟೆ ವ್ಯರ್ಥವೆನ್ನುವವರು, ಆ ಬಾಗಿಲು ಇಷ್ಟು ಶತಮಾನ ಯಾರಿಗಾಗಿ ತೆರೆದಿತ್ತೆಂದು ಕೇಳಿಕೊಳ್ಳಲಿ. ಕಾಯುವುದು ಅವರಿಗೆ ತೀರಿಸಬೇಕಾದ ಬಾಕಿಯ ಒಂದು ಸಣ್ಣ ಕಂತು.