ಪತ್ತು ಯಾರ ಸೊತ್ತು?

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಯಾವ ದೊಡ್ಡ ಊರಿಗೆ ಹೋದರೂ ಪತ್ತಿನ ಸಹಕಾರಿ ಸಂಘವೆಂಬ ಹಲಗೆಯು ಕಣ್ಣಿಗೆ ಬೀಳುವದು. ಆದರೆ ಪತ್ತು ಅಂದರೇನೆಂದು ಈಗಿನ ಯೌವನಸ್ಥರನ್ನು ಕೇಳಿದರೆ ಅನೇಕರು ಸಾಲವೆಂದೇ ಉತ್ತರ ಕೊಡುವರು. ಇದು ಸರಿಯಲ್ಲ. ಸಾಲವು ಕೈಗೆ ಬರುವ ಹಣ. ಪತ್ತಾದರೋ ಆ ಹಣವು ಬರುವದಕ್ಕಿಂತ ಮುಂಚೆ ಕೊಡುವವನ ಮನಸ್ಸಿನಲ್ಲಿ ನಮ್ಮ ವಿಷಯವಾಗಿ ಇರತಕ್ಕ ನಂಬಿಕೆ. ಹೀಗಿರಲು ಅದು ಯಾರ ಸೊತ್ತು? ನನ್ನ ಹೆಸರಿನಲ್ಲಿರುವದರಿಂದ ನನ್ನದೋ? ಇಲ್ಲವೆ ನಂಬಿದವನದೋ? ಈ ಪ್ರಶ್ನೆಯು ಪಂಡಿತರಿಗೆ ಮಾತ್ರ ಸೇರಿದ್ದಲ್ಲ. ಇಪ್ಪತ್ತನೆಯ ವರುಷದಲ್ಲಿ ಮೊದಲನೆಯ ಸಾಲದ ಕಾಗದಕ್ಕೆ ರುಜು ಹಾಕುವ ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ಅದಕ್ಕೆ ಉತ್ತರ ಕೊಡಲೇಬೇಕು.

ನಮ್ಮ ಅಜ್ಜಂದಿರ ಕಾಲದಲ್ಲಿ ಉತ್ತರವು ಸುಲಭವಾಗಿತ್ತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಾಯಿತು. ಮರುವರುಷವೇ, ಆಗ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಗದಗ ಜಿಲ್ಲೆಗೆ ಸೇರಿದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಇಂಥ ಸಂಘವನ್ನು ಸ್ಥಾಪಿಸಿದರು. ಆ ಕಾಯಿದೆಯ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯೇ ಇರಲಿಲ್ಲ. ಒಬ್ಬನು ಸಾಲವನ್ನು ಮುಳುಗಿಸಿದರೆ ಉಳಿದವರ ಮನೆಹೊಲಗಳಿಗೂ ಕುತ್ತು. ಜರ್ಮನಿ ದೇಶದ ಹಳ್ಳಿಗಳಲ್ಲಿ ಮೇಯರನಾಗಿದ್ದ ರೈಫೈಸನ್ ಎಂಬ ಭಕ್ತನು ನಡಿಸಿದ ಪದ್ಧತಿಯೇ ಇದಕ್ಕೆ ಮಾದರಿ. ನೆರೆಯವನು ದುಡಿಯುವವನೋ ಕುಡಿಯುವವನೋ ಎಂಬದು ನೆರೆಯವನಿಗೆ ಗೊತ್ತು. ಆದದರಿಂದ ಪತ್ತು ಊರವರೆಲ್ಲರ ಸೊತ್ತಾಗಿತ್ತು.

ಈಗ ಲೆಕ್ಕ ಇಡುವವರು ನಮ್ಮ ಮುಖವನ್ನು ಕಂಡವರಲ್ಲ. 2000ದಲ್ಲಿ ಸ್ಥಾಪಿತವಾದ ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳು 2005ರ ಕಾಯಿದೆಯ ಆಧಾರದಿಂದ ಸಾಲಗಾರರ ದಾಖಲೆಗಳನ್ನು ಇಡುತ್ತವೆ. ಮೋಟಾರು ಸೈಕಲ್ಲಿನ ಕಂತಾಗಲಿ ಮೊಬೈಲಿನ ಕಂತಾಗಲಿ, ತಾರೀಖಿಗೆ ಬಂತೋ ಇಲ್ಲವೋ ಎಂಬದು ಅವರಿಗೆ ತಿಳಿಯುವದು. 300ರಿಂದ 900ರ ವರೆಗಿನ ಒಂದು ಅಂಕಿಯೇ ನಮ್ಮ ಪತ್ತು.

ಈ ಅಂಕಿಯು ನ್ಯಾಯವುಳ್ಳದ್ದೋ? ಅರ್ಧ ಮಾತ್ರ ಎಂದು ನಾನು ಹೇಳುವೆನು. ಯಾಕಂದರೆ ಕೊಡಲಾರದವನಿಗೂ ಕೊಡಲೊಲ್ಲದವನಿಗೂ ಇರುವ ಭೇದವನ್ನು ಅದು ಅರಿಯದು. ಕಬ್ಬು ಕೊಟ್ಟ 14 ದಿನಗಳೊಳಗೆ ಕಾರ್ಖಾನೆಯವರು ಹಣ ಕೊಡತಕ್ಕದ್ದೆಂದು 1966ರ ಆಜ್ಞೆಯುಂಟು. ಬಿಲ್ಲು ತಡವಾದರೆ ತಪ್ಪು ಯಾರದು, ಕಂತು ತಪ್ಪಿದವನೆಂಬ ಹೆಸರು ಯಾರಿಗೆ? 2025ನೇ ನವೆಂಬರದಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರದಲ್ಲಿ ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಧರಣಿ ಕೂತಿದ್ದಾಗಲೂ ಕಂತಿನ ತಾರೀಖುಗಳು ನಿಲ್ಲಲಿಲ್ಲ. ಆದರೆ ಇನ್ನರ್ಧವನ್ನೂ ಹೇಳಬೇಕು. ಹಳೇ ಪತ್ತು ಮನುಷ್ಯನ ಗುಣವನ್ನು ಬಲ್ಲದ್ದಾದರೂ ಅವನ ಕೇರಿಯನ್ನೂ ಬಲ್ಲದ್ದಾಗಿತ್ತು. ನಮ್ಮ ಹಿರಿಯರಲ್ಲಿ ಅನೇಕರು ಎಷ್ಟು ನಿಯತ್ತಿನಿಂದ ನಡೆದರೂ ಸಾಹುಕಾರನ ಕಟ್ಟೆಯ ಕೆಳಗೇ ನಿಂತು ಕೇಳಬೇಕಾಗಿತ್ತು. ಅಂಕಿಯು ಕೇರಿಯನ್ನು ಕೇಳುವದಿಲ್ಲ. ಹಿಂದೆ ಸಾಲವನ್ನೇ ಮಾಡದವನಿಗೆ ಅಂಕಿಯೇ ಇರಲಿಕ್ಕಿಲ್ಲ; ಆದರೆ ಆ ಒಂದೇ ಕಾರಣದಿಂದ ಅವನ ಅರ್ಜಿಯನ್ನು ತಳ್ಳಬಾರದೆಂದು ರಿಜರ್ವ ಬ್ಯಾಂಕು 2025ರಲ್ಲಿ ಬ್ಯಾಂಕುಗಳಿಗೆ ತಿಳಿಸಿತು.

ಆದದರಿಂದ ಯೌವನಸ್ಥನೇ, ಮೊದಲನೆಯ ಸಾಲವು ಚಿಕ್ಕದಾಗಿರಲಿ. ಕಬ್ಬಿನ ಬಿಲ್ಲನ್ನು ನಂಬಿ ಪ್ರತಿ ತಿಂಗಳ ಕಂತನ್ನು ಒಪ್ಪಬೇಡ. ಹಂಗಾಮಿಗೆ ತಕ್ಕ ವಾಯಿದೆಯನ್ನು ಕೇಳು. ತಪ್ಪುವ ಸಂಭವವಿದ್ದರೆ ತಾರೀಖಿಗೆ ಮುಂಚೆಯೇ ಬ್ಯಾಂಕಿಗೆ ಹೋಗಿ ಹೇಳು. ವರುಷಕ್ಕೊಮ್ಮೆ ಪ್ರತಿ ಸಂಸ್ಥೆಯಿಂದ ನಿನ್ನ ದಾಖಲೆಯನ್ನು ಪುಕ್ಕಟೆಯಾಗಿ ತರಿಸಿ ಓದಬಹುದು. ತಪ್ಪು ಕಂಡರೆ ತಕರಾರು ಕೊಡು, 30 ದಿನಗಳೊಳಗೆ ಅದನ್ನು ತೀರಿಸತಕ್ಕದ್ದು. ಅಂಕಿಯನ್ನು ಏರಿಸುವದಕ್ಕೋಸ್ಕರವೇ ಬೇಡದ ಸಾಲವನ್ನು ಮಾಡುವದು ಮಾತ್ರ ನನಗೆ ಹುಚ್ಚೆಂದು ತೋರುತ್ತದೆ.

ಇವೆಲ್ಲವುಗಳಿಗಿಂತ ಕಠಿಣವಾದದ್ದೊಂದಿದೆ. ನಮ್ಮ ಊರುಗಳಲ್ಲಿ ಹೆಸರು ಕೊಡುವದೆಂಬ ರೂಢಿಯುಂಟು. ಸಾಲವು ಒಬ್ಬಳ ಹೆಸರಿನಲ್ಲಿ, ಹಣವು ಮತ್ತೊಬ್ಬರ ಕೈಯಲ್ಲಿ. ಸಂಘದ ಗೆಳತಿಗೆ ಇಲ್ಲವೆನ್ನಲಾರದೆ, ಕಾಕನಿಗೆ ಎದುರಾಡಲಾರದೆ ರುಜು ಹಾಕಿದವರು ಎಷ್ಟೋ ಮಂದಿ. ಕಂತು ನಿಂತ ದಿನ ಬಾಗಿಲಿಗೆ ಬರುವವರು ಹೆಸರನ್ನು ನೋಡಿಯೇ ಬರುವರು. ಪೀಡಿಸಿ ವಸೂಲು ಮಾಡುವದನ್ನು ತಡೆಯಲು 2025ರಲ್ಲಿ ಕರ್ನಾಟಕ ಸರಕಾರವು ಕಾನೂನು ಮಾಡಿದ್ದು ಒಳ್ಳೇದೇ. ಆದರೆ ದಾಖಲೆಯಲ್ಲಿ ಬರೆದ ಹೆಸರು ಅದರಿಂದ ಅಳಿಯುವದಿಲ್ಲ. ಜಾಮೀನಾದರೂ ಹಾಗೆಯೇ, ಜಾಮೀನುದಾರನ ದಾಖಲೆಯಲ್ಲಿಯೂ ಆ ಸಾಲವು ಕಾಣುವದು. ಹೊಣೆಯಾದವನು ನಿದ್ದೆ ಮಾಡದೆ ಹೋಗಿ ಬಿಡಿಸಿಕೊಳ್ಳಬೇಕೆಂದು ಜ್ಞಾನೋಕ್ತಿಗಳ ಆರನೆಯ ಅಧ್ಯಾಯವು ಮಗನಿಗೆ ಬುದ್ಧಿ ಹೇಳುವದನ್ನು ವಾಚಕರು ಬಲ್ಲರು.

ಇದು ಜಿಪುಣತನವಲ್ಲವೋ, ನೆರೆಯವನನ್ನು ಪ್ರೀತಿಸುವದು ಹೀಗೋ ಎಂದು ಕೇಳುವವರುಂಟು. ಒಳ್ಳೇ ಪ್ರಶ್ನೆಯೇ. ಹಣವು ನನ್ನದು, ಅದನ್ನು ದಾನವಾಗಿ ಕೊಟ್ಟೇನು. ಪತ್ತಾದರೋ ಮತ್ತೊಬ್ಬನು ನನ್ನಲ್ಲಿಟ್ಟ ನಂಬಿಕೆ. ಇಟ್ಟವನನ್ನು ಕೇಳದೆ ಅದನ್ನು ಮೂರನೆಯವನಿಗೆ ಹ್ಯಾಗೆ ಕೊಡಲಿ? ಹಣವನ್ನು ಪಡೆಯುವವನು ನಾನೇ ಎಂದು ಬರೆದ ಕಾಗದಕ್ಕೆ, ಹಾಗಲ್ಲವೆಂದು ತಿಳಿದೂ ರುಜು ಹಾಕುವದು ಸುಳ್ಳು ಸಾಕ್ಷಿಯಲ್ಲವೋ? ಕಾಕನಿಗೆ ಹೀಗೆ ಹೇಳಬಹುದು: "ಕಾಕಾ, ನನ್ನ ಹತ್ರ ಎರಡ ಸಾವಿರ ರೂಪಾಯಿ ಅದಾವ, ತಗೋರಿ, ತಿರುಗಿ ಕೊಡಬ್ಯಾಡ್ರಿ. ಹೆಸರ ಮಾತ್ರ ಕೇಳಬ್ಯಾಡ್ರಿ." ಕಾಕನು ಆ ದಿನ ಚಹಾ ಕುಡಿಯದೆ ಎದ್ದು ಹೋದಾನು. ಕ್ರಿಸ್ಮಸ್ ಹಬ್ಬದ ಊಟಕ್ಕೆ ಅವನನ್ನು ನೀನೇ ಹೋಗಿ ಕರೆದುಕೊಂಡು ಬಾ.