ಆಟಕ್ಕುಂಟು, ಲೆಕ್ಕಕ್ಕಿಲ್ಲ

*ದಿನದ ಚಿಂತನೆ*



ಇಂದಿನ ಪ್ರಶ್ನೆ ಹೈಸ್ಕೂಲು ಮಕ್ಕಳದ್ದು. ವಿಡಿಯೋ ಗೇಮಿನಲ್ಲಿ ಒಂದು ಹಂತ ದಾಟಲಾಗದೆ ಸಿಕ್ಕಿಬಿದ್ದಾಗ ಯೂಟ್ಯೂಬಿನಲ್ಲಿ ಅದರ ವಾಕ್‌ತ್ರೂ, ಅಂದರೆ ಬೇರೊಬ್ಬರು ಆಡಿ ತೋರಿಸಿದ ದಾರಿ, ನೋಡಿಕೊಂಡು ಮುಂದೆ ಹೋದರೆ ಅದು ಕಳ್ಳಾಟವೇ? ಚೀಟ್ ಕೋಡ್ ಹಾಕಿ ಸಾಯದ ಹಾಗೆ ಮಾಡಿಕೊಂಡರೆ ಆಟದ ಸವಿ ಕೆಡುತ್ತದೆಯೇ? ಇದು ಚಿಂತನೆಗೆ ತಕ್ಕ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಕಷ್ಟ ಎದುರಾದಾಗ ಯಾವ ನೆರವು ತೆಗೆದುಕೊಳ್ಳಬೇಕು, ಎಷ್ಟು ತೆಗೆದುಕೊಳ್ಳಬೇಕು ಎಂಬ ದೊಡ್ಡ ಪ್ರಶ್ನೆ ಇದರೊಳಗೇ ಇದೆ. ತರಗತಿಯಲ್ಲಿ ನನಗೆ ದಿನಾ ಎದುರಾಗುವುದೂ ಅದೇ.

*ಮುಂದೇನೆಂದು ತಿಳಿದರೆ ರಸ ಹೋಯಿತೇ?*

ನಮ್ಮೂರಿನವರು ಇದನ್ನು ಸುಲಭಕ್ಕೆ ಒಪ್ಪಲಾರರು. ಬಂಟ್ವಾಳದ ಬಯಲಲ್ಲಿ ಯಕ್ಷಗಾನಕ್ಕೆ ಕೂತವರಲ್ಲಿ ಕರ್ಣ ಸಾಯುತ್ತಾನೆಂದು ತಿಳಿಯದವರು ಯಾರು? ಆದರೂ ಬೆಳಗಿನ ಜಾವದವರೆಗೆ ಚಳಿಯಲ್ಲಿ ಕೂರುತ್ತಾರೆ. ಕಥೆ ಗೊತ್ತಿದ್ದುದರಿಂದಲೇ ಇವತ್ತಿನ ಕರ್ಣ ಹೇಗೆ ಮಾತಾಡಿದ, ಭಾಗವತರು ಆ ಪದ್ಯವನ್ನು ಹೇಗೆ ಎತ್ತಿಕೊಂಡರು ಎಂಬುದರ ಮೇಲೆ ಗಮನ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದರ ಹತ್ತಿರವೇ ಬರುತ್ತದೆ. ಅಂತ್ಯ ಮೊದಲೇ ತಿಳಿದು ಸಣ್ಣಕಥೆ ಓದಿದವರು ಸರಾಸರಿಯಲ್ಲಿ ಅದನ್ನು ಹೆಚ್ಚು ಮೆಚ್ಚಿದ್ದರು.

ಆದರೆ ನೋಡುವುದು ಬೇರೆ, ಆಡುವುದು ಬೇರೆ. ಲಗೋರಿಯಲ್ಲಿ ಏಳು ಕಲ್ಲು ಜೋಡಿಸಬೇಕು. ಚೆಂಡಿನಿಂದ ಹೊಡೆಯುವವರೇ ಇಲ್ಲದಿದ್ದರೆ ಅದು ಅರ್ಧ ನಿಮಿಷದ ಕೆಲಸ. ಹಾಗೆ ಜೋಡಿಸಿ ಯಾರೂ ಕೇಕೆ ಹಾಕುವುದಿಲ್ಲ. ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞಾನಿ 1978ರ ತಮ್ಮ ‘ದಿ ಗ್ರಾಸ್‌ಹಾಪರ್’ ಪುಸ್ತಕದಲ್ಲಿ ಇದನ್ನೇ ವಿವರಿಸಿದರು. ಬೇಕಿಲ್ಲದ ತೊಡಕನ್ನು ನಾವಾಗಿಯೇ ಮೈಮೇಲೆ ಹಾಕಿಕೊಂಡು ಬಿಡಿಸಿಕೊಳ್ಳುವುದೇ ಆಟ ಎಂಬುದು ಅವರ ವಾದದ ಸಾರ. ತೊಡಕನ್ನು ತೆಗೆದರೆ ಆಟವನ್ನೇ ತೆಗೆದಂತೆ.

ಹಾಗಾದರೆ ಎಲ್ಲ ನೆರವೂ ಆಟ ಕೆಡಿಸುತ್ತದೆಯೇ? ಇಲ್ಲ. ಬೆಳ್ತಂಗಡಿಯ ಗಡಾಯಿಕಲ್ಲನ್ನು ನೆನೆಯಿರಿ. ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆಗೆ ಬಂಡೆಯಲ್ಲೇ ಕಡಿದ ಸಾವಿರಾರು ಮೆಟ್ಟಿಲುಗಳಿವೆ. ಯಾರೋ ಕಡಿದಿಟ್ಟ ಮೆಟ್ಟಿಲು ಹತ್ತಿದೆವೆಂದು ನಾವು ಹತ್ತಿದ್ದು ಸುಳ್ಳಾಗುವುದಿಲ್ಲ. ಉಸಿರು ನಮ್ಮದು, ಕಾಲುನೋವು ನಮ್ಮದು. ಹೆಲಿಕಾಪ್ಟರಿನಲ್ಲಿ ಇಳಿದವನಿಗೂ ಅದೇ ನೋಟ ಸಿಕ್ಕೀತು, ಆದರೆ ಅವನು ಹತ್ತಿರುವುದಿಲ್ಲ. ಒಗಟಿನ ಸಂಗತಿ ಮಾತ್ರ ಬೇರೆ. ಅಲ್ಲಿ ಹುಡುಕುವುದೇ ಹತ್ತುವುದು. ಉತ್ತರ ಹೇಳಿಬಿಟ್ಟರೆ ಉಳಿಯುವುದೇನೂ ಇಲ್ಲ.

ಆದ್ದರಿಂದ ಕೇಳಬೇಕಾದದ್ದು ಇಷ್ಟು: *ನಾನು ಇಲ್ಲಿಗೆ ಯಾವುದಕ್ಕಾಗಿ ಬಂದೆ?* ಬಂದದ್ದಕ್ಕೂ ನನಗೂ ನಡುವಿನ ಅಡ್ಡಿಯನ್ನು ತೆಗೆಯುವ ನೆರವು ಒಳ್ಳೆಯದು. ಬಂದದ್ದನ್ನೇ ತೆಗೆದುಬಿಡುವ ನೆರವು ಕೆಟ್ಟದ್ದು.

ನನ್ನ ಪ್ರಾಯದವರಿಗೆ ಕಾಂಟ್ರಾ ನೆನಪಿರಬಹುದು. ಟಿವಿಗೆ ಜೋಡಿಸಿ ಆಡುತ್ತಿದ್ದ ಆ ಆಟದಲ್ಲಿ ಮೊದಲಿಗೆ ಒಂದು ಕ್ರಮದಲ್ಲಿ ಬಟನ್ ಒತ್ತಿದರೆ 30 ಜೀವ ಸಿಗುತ್ತಿತ್ತು. ಆ ಬಟನ್ ಕ್ರಮವನ್ನು ಮೊದಲು ಇಟ್ಟವರು ಜಪಾನಿನ ಕಝುಹಿಸಾ ಹಶಿಮೊಟೊ, 1986ರ ಗ್ರೇಡಿಯಸ್ ಆಟದಲ್ಲಿ. ತಾವೇ ಸಿದ್ಧಪಡಿಸುತ್ತಿದ್ದ ಆಟವನ್ನು ಪರೀಕ್ಷಿಸುವಾಗ ಅದು ತಮಗೇ ಕಷ್ಟವಾಗಿ ಅವರು ಮಾಡಿಕೊಂಡ ಅನುಕೂಲ ಅದು. 30 ಜೀವ ಇದ್ದರೂ ಬೆರಳು ಓಡಲೇಬೇಕು, ಗುಂಡು ತಪ್ಪಿಸಲೇಬೇಕು. ಆಟ ಉಳಿಯುತ್ತಿತ್ತು.

ಮುಂದೆ ಸೈಬರ್ ಕೆಫೆಗಳ ಕಾಲದಲ್ಲಿ ಹುಡುಗರು ವೈಸ್ ಸಿಟಿ ಆಡುತ್ತ ‘ಪ್ಯಾಂಜರ್’ ಎಂದು ಟೈಪ್ ಮಾಡಿ ಟ್ಯಾಂಕ್ ತರಿಸಿಕೊಳ್ಳುತ್ತಿದ್ದರು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತವರು ಅವರು. ಕಥೆ ಮುಗಿಸುವುದು ಅವರ ಉದ್ದೇಶವೇ ಅಲ್ಲ, ಟ್ಯಾಂಕ್ ಓಡಿಸುವುದೇ ಉದ್ದೇಶ. ಅವರು ಬಂದದ್ದು ಅವರಿಗೆ ಸಿಕ್ಕಿತು. ಅದನ್ನು ತಪ್ಪೆನ್ನಲು ನನಗೆ ಕಾರಣ ಕಾಣುವುದಿಲ್ಲ.

*ದಾರಿ ತೋರಿಸುವವನು*

ಮಜ್ಝಿಮ ನಿಕಾಯದಲ್ಲಿ ಗಣಕ ಮೊಗ್ಗಲ್ಲಾನನೆಂಬ ಬ್ರಾಹ್ಮಣನ ಪ್ರಸಂಗ ಬರುತ್ತದೆ. ನಿಬ್ಬಾಣವಿದೆ, ದಾರಿಯಿದೆ, ಹೇಳಿಕೊಡಲು ನೀವಿದ್ದೀರಿ. ಆದರೂ ಕೆಲವರೇಕೆ ತಲುಪುವುದಿಲ್ಲ ಎಂದು ಅವನ ಪ್ರಶ್ನೆ. ಬುದ್ಧರು ರಾಜಗೃಹದ ದಾರಿ ಕೇಳಿದ ಇಬ್ಬರ ಉದಾಹರಣೆ ಕೊಡುತ್ತಾರೆ. ಇಬ್ಬರಿಗೂ ಸಿಕ್ಕ ವಿವರ ಒಂದೇ. ಒಬ್ಬ ದಾರಿ ತಪ್ಪುತ್ತಾನೆ, ಇನ್ನೊಬ್ಬ ಕ್ಷೇಮವಾಗಿ ಸೇರುತ್ತಾನೆ. ತಥಾಗತನು ದಾರಿ ತೋರಿಸುವವನು ಮಾತ್ರ ಎಂಬುದು ಅಲ್ಲಿನ ತಾತ್ಪರ್ಯ. ದಾರಿ ತೋರಿಸುವುದು ದಾರಿ ಕೆಡಿಸುವುದಲ್ಲ, ಏಕೆಂದರೆ ನಡೆಯುವ ಕೆಲಸ ಹಾಗೇ ಉಳಿದಿರುತ್ತದೆ.

ತರಗತಿಯಲ್ಲಿ ಗೈಡ್ ಪುಸ್ತಕದ ಕಥೆಯೂ ಇದೇ. ಲೆಕ್ಕದ ಒಂದು ಹಂತ ನೋಡಿ ಪುಸ್ತಕ ಮುಚ್ಚಿಟ್ಟು ಮುಂದಿನದನ್ನು ತಾನೇ ಮಾಡುವ ಮಗು ಒಂದು. ಇಡೀ ಉತ್ತರ ನಕಲು ಮಾಡಿ ಆಡಲು ಓಡುವ ಮಗು ಇನ್ನೊಂದು. ಪುಟ ಒಂದೇ, ಕಲಿಕೆ ಬೇರೆ. ಗೈಡನ್ನು ಕಸಿದುಕೊಂಡರೆ ಎರಡನೆಯ ಮಗು ಕಲಿಯುವುದಿಲ್ಲ, ಮೊದಲನೆಯದಕ್ಕೆ ನಷ್ಟವಾಗುತ್ತದೆ.

*ಸಣ್ಣವರ ಪಾಲು*

ನಮ್ಮ ಹಳೆಯ ಆಟಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ತೀರಾ ಸಣ್ಣ ತಮ್ಮನೋ ತಂಗಿಯೋ ಬಂದರೆ “ಆಟಕ್ಕುಂಟು, ಲೆಕ್ಕಕ್ಕಿಲ್ಲ” ಎಂದು ಸೇರಿಸಿಕೊಳ್ಳುತ್ತಿದ್ದರು. ಮಗು ಓಡುತ್ತದೆ, ಸಿಕ್ಕಿಬಿದ್ದರೂ ಔಟ್ ಇಲ್ಲ. ಇದನ್ನು ಯಾರೂ ಕಳ್ಳಾಟ ಎನ್ನಲಿಲ್ಲ. ಇಂದು ಈ ಮಾತನ್ನು ನಾವು ಹಂಗಿಸಲು ಬಳಸುತ್ತೇವೆ, ಆದರೆ ಅದರಲ್ಲಿದ್ದದ್ದು ಕರುಣೆ. 2018ರಲ್ಲಿ ಬಂದ ಸೆಲೆಸ್ಟ್ ಎಂಬ ಆಟದಲ್ಲಿ ಒಬ್ಬ ಹುಡುಗಿ ಬೆಟ್ಟ ಹತ್ತುತ್ತಾಳೆ. ತುಂಬ ಕಷ್ಟದ ಆಟ. ಬೇಕಾದವರು ವೇಗ ತಗ್ಗಿಸಿಕೊಳ್ಳಲು, ಸಾವಿಲ್ಲದೆ ಆಡಲು ಅದನ್ನು ಮಾಡಿದವರೇ ವ್ಯವಸ್ಥೆ ಇಟ್ಟಿದ್ದಾರೆ. ಬೆರಳು ಚುರುಕಾಗಿ ಆಡದ ಮಗುವಿಗೆ ಅದಿಲ್ಲದಿದ್ದರೆ ಆಟದ ಬಾಗಿಲೇ ತೆರೆಯದು. “ನಾನು ಕಷ್ಟಪಟ್ಟೆ, ನೀನೂ ಪಡು” ಎನ್ನುವವರು ಇಲ್ಲಿ ಸ್ವಲ್ಪ ಯೋಚಿಸಬೇಕು. ನಮ್ಮ ಬೆವರನ್ನು ಇನ್ನೊಬ್ಬರ ಮೇಲೆ ತೆರಿಗೆಯಾಗಿ ಹೇರುವುದು ನ್ಯಾಯವಲ್ಲ.

ಒಂದು ಗೆರೆ ಮಾತ್ರ ಗಟ್ಟಿಯಾಗಿರಲಿ. ಮೇಲೆ ಹೇಳಿದ್ದೆಲ್ಲ ಒಬ್ಬರೇ ಆಡುವಾಗ, ಇಲ್ಲವೇ ಎಲ್ಲರೂ ಒಪ್ಪಿದಾಗ. ಬಿಜಿಎಂಐಯಂಥ ಆಟದ ಒಂದು ಪಂದ್ಯದಲ್ಲಿ 100 ಮಂದಿ ಇರುತ್ತಾರೆ. ಅಲ್ಲಿ ಗೋಡೆಯಾಚೆ ಕಾಣುವ, ತಾನೇ ಗುರಿ ಹಿಡಿಯುವ ಹ್ಯಾಕ್ ಹಾಕಿದವನು ಉಳಿದವರ ಅರ್ಧ ಗಂಟೆಯನ್ನು ಅವರು ಕೊಡದೆಯೇ ತೆಗೆದುಕೊಳ್ಳುತ್ತಾನೆ. ಕೊಡದ್ದನ್ನು ತೆಗೆದುಕೊಳ್ಳಬಾರದು ಎಂಬ ಎರಡನೆಯ ಶೀಲಕ್ಕೆ ಇದು ನೇರವಾಗಿ ತಾಗುತ್ತದೆ. “ಬರೀ ಆಟ ಅಲ್ವಾ” ಎಂಬ ಸಮಾಧಾನ ಇಲ್ಲಿ ಸಲ್ಲದು.

*ಇಂದಿನ ಅಭ್ಯಾಸ*

ಆಟವಿರಲಿ, ಪಾಠವಿರಲಿ, ಕಚೇರಿಯ ಕೆಲಸವಿರಲಿ, ಸಿಕ್ಕಿಬಿದ್ದ ಕೂಡಲೇ ಕೈ ಮೊಬೈಲಿನತ್ತ ಹೋಗುವುದನ್ನು ಇಂದು ಗಮನಿಸೋಣ. ಹತ್ತು ಉಸಿರಿನಷ್ಟು ಹೊತ್ತು ತಡೆಯೋಣ. ಬೇಕಾಗಿರುವುದು ದಾರಿಯೋ, ಅಥವಾ ಒಮ್ಮೆ ಮುಗಿದರೆ ಸಾಕೆಂಬ ಚಡಪಡಿಕೆಯೋ? ದಾರಿಯಾದರೆ ಧಾರಾಳವಾಗಿ ನೋಡೋಣ, ಬೇಕಾದಷ್ಟು ನೋಡಿ ಮುಚ್ಚೋಣ. ಚಡಪಡಿಕೆಯಾದರೆ ಯಾವ ಕೋಡ್ ಹಾಕಿದರೂ ಅದು ಮುಂದಿನ ಹಂತದಲ್ಲಿ ನಮಗಿಂತ ಮೊದಲೇ ಹೋಗಿ ಕೂತಿರುತ್ತದೆ.

ಎಲ್ಲರಿಗೂ ಒಳಿತಾಗಲಿ 🪷