ಜೀವದಯೆಗೆ ಮೇರೆಯುಂಟೆ?

ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಔಷಧದ ಬೆಲೆ ಕೊಟ್ಟವನೊಬ್ಬನೇ ದಾನಿಯಲ್ಲ. ಹುಣ್ಣು ತೊಳೆದು ಮದ್ದು ಹಚ್ಚುವವನೂ ದಾನಿಯೇ. ಪಶುಸಂಗೋಪನಾ ಡಿಪ್ಲೊಮಾ ಪಡೆದ ತರುಣರು ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಗಳಲ್ಲಿ ಬಿಡುವಿನ ದಿನಗಳಂದು ಈ ಸೇವೆಯನ್ನು ಸಲ್ಲಿಸಬಹುದು.

2022ರಲ್ಲಿ ಕರ್ನಾಟಕದ ದನಗಳನ್ನು ಕಾಡಿದ ಚರ್ಮಗಂಟು ರೋಗಕ್ಕೆ ನೇರವಾದ ಔಷಧವಿಲ್ಲ. ರೋಗಿ ಪಶುವನ್ನು ಬೇರ್ಪಡಿಸಿ, ಗಾಯಗಳನ್ನು ಶುಚಿಯಾಗಿಟ್ಟು, ಮೆತ್ತನೆಯ ಮೇವು ಕೊಟ್ಟು ಕಾಯುವ ಆರೈಕೆಯೇ ಮುಖ್ಯ. ಕಾಲುಬಾಯಿ ಬೇನೆಯ ಲಸಿಕೆಯ ಕಾಲದಲ್ಲಿಯೂ ದನ ಹಿಡಿಯಲು, ದಾಖಲೆ ಬರೆಯಲು ನುರಿತ ಕೈಗಳು ಬೇಕು.

ಇಲ್ಲೊಂದು ಧರ್ಮಸೂಕ್ಷ್ಮವಿದೆ. ಹಸು ನರಳುತ್ತಿದೆ, ವೈದ್ಯರು ದೂರದಲ್ಲಿದ್ದಾರೆ. ಸ್ವಯಂಸೇವಕನು ತಾನು ಅರಿಯದ ಸೂಜಿಮದ್ದನ್ನು ಚುಚ್ಚಬಹುದೆ? 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆಯಂತೆ ಡಿಪ್ಲೊಮಾ ಪಡೆದವರು, ರಾಜ್ಯ ಸರ್ಕಾರವು ಅನುಮತಿಸಿದ ಕಿರುಸೇವೆಗಳನ್ನು ಮಾತ್ರ, ಅದೂ ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು. ಇದನ್ನು ಬರಿಯ ಕಾನೂನಿನ ಕಟ್ಟೆಂದು ಬಗೆಯಲಾಗದು. ತಪ್ಪು ಮದ್ದಿನಿಂದ ಸಾಯುವ ಪಶುವಿಗೆ, ಕೊಟ್ಟವನ ಭಾವವು ಶುದ್ಧವಾಗಿತ್ತೆಂಬುದರಿಂದ ಏನು ಪ್ರಯೋಜನ? ಅರಿವಿಲ್ಲದ ದಯೆಯು ಪ್ರಮಾದವಾಗುತ್ತದೆ. ಹಿಂಸೆಯ ಬೇರಿರುವುದು ಪ್ರಮಾದದಲ್ಲಿಯೇ. ಅಂತಹ ಹೊತ್ತಿನಲ್ಲಿ 1962 ಸಂಖ್ಯೆಗೆ ಕರೆಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕೋರುವುದು, ವೈದ್ಯರು ಬರುವವರೆಗೆ ಪಶುವಿಗೆ ನೆರಳು, ನೀರು ಒದಗಿಸುವುದೇ ನಿಜವಾದ ದಯೆ.

ಉಳ್ಳವರಿಗೂ ಇಲ್ಲಿ ಹೊಣೆಯುಂಟು. ಸೇವೆಯು ಉಚಿತವೆಂದು ತರುಣನ ಬಸ್ ಖರ್ಚು, ಊಟ, ಕೈಗವಸು, ಅವನ ರಕ್ಷಣೆಗೆ ಬೇಕಾದ ರೇಬೀಸ್ ಲಸಿಕೆಯ ವೆಚ್ಚಗಳನ್ನು ಅವನ ಮೇಲೆಯೇ ಹೊರಿಸಿದರೆ ಅದು ಲೋಭವೇ ಸರಿ. ಅವನು ವಿದ್ಯೆಯನ್ನು ಕೊಡಲಿ, ನಾವು ವೆಚ್ಚವನ್ನು ಹೊರೋಣ. ವೈದ್ಯರ ಮಾತು ಇಬ್ಬರಿಗೂ ಮೇರೆಯಾಗಿರಲಿ.